ಅಪ್ಪನ ಪಕ್ಕದ ಚೇರಿನ ಸೆನೆಟರ್

ಡಯಾಲಿಸಿಸ್ ಸೆಂಟರಿನಲ್ಲಿ ಯಾರೂ ತಮ್ಮ ಚೇರು ತಾವೇ ಆರಿಸಿಕೊಳ್ಳುವುದಿಲ್ಲ. ನರ್ಸು ಕೈ ತೋರಿಸಿದ್ದೇ ನಿಮ್ಮ ಚೇರು. ಅಪ್ಪನಿಗೆ ಕಿಟಕಿಯ ಹತ್ತಿರದ್ದು ಸಿಕ್ಕಿತು. ಅದರ ಪಕ್ಕದಲ್ಲಿ ಆಗಲೇ ಎತ್ತರದ ಮುದುಕರೊಬ್ಬರು ಕೋಟು, ಟೈ ಹಾಕಿಕೊಂಡು ಕೂತಿದ್ದರು. ಕೋಟಿನ ಒಂದು ತೋಳು ಮಾತ್ರ ಖಾಲಿಯಾಗಿ ನೇತಾಡುತ್ತಿತ್ತು. ಆ ಕೈ ಮೆಷಿನ್ನಿಗೆ ಬೇಕಲ್ಲ.

"ನೋಡೇ, ಬೀಗರ ಮನೆಗೆ ಬಂದ ಹಾಗೆ ಬಂದಿದ್ದಾರೆ," ಎಂದು ಅಪ್ಪ ಕನ್ನಡದಲ್ಲಿ ಪಿಸುಗುಟ್ಟಿದರು. "ನಾನು ನೋಡಿದ್ರೆ ಪೈಜಾಮದಲ್ಲಿ ಬಂದು ಕೂತಿದೀನಿ."

ಅಷ್ಟರಲ್ಲಿ ಆ ಮುದುಕರು ನರ್ಸನ್ನು ಕರೆದು ಇನ್ನೊಂದು ಕಂಬಳಿ ಕೇಳಿದರು. ಕೇಳಿದ್ದು ಬರೀ ಕಂಬಳಿ. ಆದರೆ ಆ ದನಿ ಕಿವಿಗೆ ಬಿದ್ದ ಕೂಡಲೇ ನಾನು ಎದ್ದು ನಿಂತುಬಿಟ್ಟೆ. ಆ ದನಿ ನನಗೆ ಗೊತ್ತಿತ್ತು.

ಇದಕ್ಕೆ ಸ್ವಲ್ಪ ಹಿಂದಿನದು ಹೇಳಬೇಕು. ಹೈಸ್ಕೂಲಿನಲ್ಲಿ ಅಣಕು ವಿಶ್ವಸಂಸ್ಥೆ ಅಂತ ಒಂದು ಆಟ ಆಡಿಸುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ದೇಶ. ದೇಶ ಹಂಚುವ ದಿನ ನಾನು ಜ್ವರ ಬಂದು ಮಲಗಿದ್ದೆ. ಮರುದಿನ ಹೋದರೆ ದೊಡ್ಡ ದೇಶಗಳೆಲ್ಲ ಖರ್ಚಾಗಿ, ಪಶ್ಚಿಮ ಆಫ್ರಿಕಾದ ಕರಾವಳಿಯ ಒಂದು ಪುಟ್ಟ ದೇಶ ನನ್ನ ಪಾಲಿಗೆ ಉಳಿದಿತ್ತು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಈ ಮುದುಕರ ಬಂಧುಗಳು ಇನ್ನೂ ಇದ್ದಾರೆ. ಆ ಬಂಧುಗಳು ಹೆದರಬೇಕಾದವರೂ ಇದ್ದಾರೆ. ಆಟ ಒಂದು ವಾರಾಂತ್ಯದಲ್ಲಿ ಮುಗಿಯಿತು, ನನಗೆ ಮಾತ್ರ ಆ ದೇಶ ಬಿಡಲಿಲ್ಲ. ನನ್ನ ಗೆಳತಿಯರು ಕೊರಿಯಾದ ಹಾಡು ಕೇಳುತ್ತಿದ್ದಾಗ ನಾನು ಅಮೆರಿಕಾದ ವುಡ್‌ರಿಡ್ಜಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕೂತು, ಯಾರೋ ಹಳೇ ಟೇಪಿನಿಂದ ಇಳಿಸಿ ನೆಟ್ಟಿಗೆ ಹಾಕಿದ್ದ ಆ ದೇಶದ ಸೆನೆಟ್ಟಿನ ಕಲಾಪ ನೋಡುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ. ಅವರ ಸದನದ ನಿಯಮ, ಯಾವ ಗೊತ್ತುವಳಿ ಯಾವಾಗ, ಯಾರು ಯಾರ ಕಡೆ, ಎಲ್ಲ ನಾನೇ ಹುಡುಕಿ ಓದಿ ತಲೆಗೆ ತುಂಬಿಕೊಂಡಿದ್ದೆ. ಅಮ್ಮ ಮೇಲಿಂದ ಕೂಗುತ್ತಿದ್ದರು: "ನಮ್ಮ ವಿಧಾನಸೌಧದಲ್ಲಿ ಯಾರಿದಾರೆ ಅಂತಾನೇ ನಿಂಗೊತ್ತಿಲ್ಲ, ಅವರ ಸಂಸಾರ ಎಲ್ಲಾ ಬಾಯಿಪಾಠ!"

ಆ ಟೇಪುಗಳಲ್ಲಿ ನನಗೆ ತುಂಬ ಇಷ್ಟವಾದ ದನಿಯೊಂದಿತ್ತು. ಬಡ ಮೀನುಗಾರರ ಜಿಲ್ಲೆಯ ಸದಸ್ಯರದು. ಅವರು ಎಂದೂ ಕಿರುಚುತ್ತಿರಲಿಲ್ಲ. ಒಂದು ವಾಕ್ಯ ಹೇಳಿ ನಿಲ್ಲಿಸುತ್ತಿದ್ದರು, ಸದನ ಕಾಯುತ್ತಿತ್ತು, ಆಮೇಲೆ ಇನ್ನೊಂದು. ಈಗ ಆ ದನಿ ಡೆಸ್ ಪ್ಲೇನ್ಸಿನಲ್ಲಿ, ಓಹೇರ್ ಏರ್‌ಪೋರ್ಟಿನ ವಿಮಾನಗಳ ಸದ್ದಿನ ಕೆಳಗೆ, ನನ್ನ ಅಪ್ಪನ ಪಕ್ಕದಲ್ಲಿ ಕಂಬಳಿ ಕೇಳುತ್ತಿತ್ತು.

ನಾನು ಹೋಗಿ ಅವರ ಪೂರ್ತಿ ಹೆಸರು, ಜಿಲ್ಲೆ, ಅವರಿದ್ದ ಸಮಿತಿ ಎಲ್ಲ ಒಂದೇ ಉಸಿರಿನಲ್ಲಿ ಒದರಿದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು.

"ನೀನು ಸರ್ಕಾರದ ಕಡೆಯವಳಾ?" ಎಂದು ಕೇಳಿದರು.

"ಇಲ್ಲ ಅಂಕಲ್, ಪಕ್ಕದ ಬೀದಿಯ ಕಾರ್ಗೋ ಇನ್ಶೂರೆನ್ಸ್ ಆಫೀಸಿನವಳು."

ಅವರು ನಗಲಿಕ್ಕೆ ಶುರುಮಾಡಿದ್ದು ಮೆಷಿನ್ನು ಕೂಗಿಕೊಳ್ಳುವ ತನಕ ನಿಲ್ಲಲಿಲ್ಲ. ಕೈ ಅಲ್ಲಾಡಿಸಬಾರದು ಅಂತ ನರ್ಸು ಬೈದು ಹೋದಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ನನ್ನ ತಲೆಯಲ್ಲಿ ಅದು ಕನ್ನಡವಾಗಿ ಉಳಿದಿದೆ, ಹಾಗೇ ಬರೆಯುತ್ತಿದ್ದೇನೆ.

ಅಮ್ಮನಿಗೆ ಹೈವೇಯಲ್ಲಿ ಡ್ರೈವ್ ಮಾಡಲು ಭಯ. ಹಾಗಾಗಿ ವಾರಕ್ಕೆ ಮೂರು ಸಲ ಅಪ್ಪನನ್ನು ನಾನೇ ಕರೆತರುತ್ತಿದ್ದೆ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೆಲಸ ಮಾಡುತ್ತಿದ್ದೆ. ಅಪ್ಪ ಮತ್ತು ಸೆನೆಟರ್ ಮಾತಾಡುತ್ತಿದ್ದದ್ದು ಬರೀ ತಿನ್ನಬಾರದ್ದರ ಬಗ್ಗೆ. ಕಿಡ್ನಿ ಹೋದವರಿಗೆ ಬಾಳೆಹಣ್ಣು ಇಲ್ಲ, ಎಳನೀರು ಇಲ್ಲ, ನೀರೇ ಲೆಕ್ಕದಲ್ಲಿ. ಅವರು ತಮ್ಮ ಊರಿನ ಬಾಳೆಕಾಯಿ ಕರಿದದ್ದನ್ನು ವರ್ಣಿಸಿದರೆ ಅಪ್ಪ ನಂಜನಗೂಡಿನ ರಸಬಾಳೆ ಎತ್ತುತ್ತಿದ್ದರು. "ಎಳನೀರು ಕುಡಿದ್ರೆ ಸಾಯ್ತೀವಿ ಅಂದ್ಮೇಲೆ ಇದೇನು ಬದುಕು ಸ್ವಾಮಿ?" ಎಂದು ಅಪ್ಪ ಇಂಗ್ಲಿಷಿನಲ್ಲಿ ಕೇಳಿ, ಕೊನೆಯ 'ಸ್ವಾಮಿ'ಯನ್ನು ಕನ್ನಡದಲ್ಲೇ ಬಿಡುತ್ತಿದ್ದರು. ಸೆನೆಟರ್ ಅಪ್ಪನನ್ನು "ಸ್ವಾಮಿ" ಎಂದೇ ಕರೆಯತೊಡಗಿದರು. ಅದು ಅಪ್ಪನ ಹೆಸರು ಎಂದುಕೊಂಡಿದ್ದರು. ನಾವೂ ತಿದ್ದಲಿಲ್ಲ.

ನನಗೆ ಅವರು ತಮ್ಮ ಜೀವನ ಹೇಳುತ್ತಿದ್ದರು. ಬಲೆ ಹೆಣೆಯುವ ತಾಯಿ. ಮಿಷನ್ ಶಾಲೆಗೆ ದೋಣಿಯಲ್ಲಿ ಹೋದದ್ದು. ಮೇಷ್ಟ್ರಾಗಿ ಗಣಿತ ಹೇಳಿದ್ದು. ಯುದ್ಧ ಬಂದಾಗ ಶಾಲೆಯ ಬೆಂಚುಗಳನ್ನು ಜನ ಸೌದೆ ಮಾಡಿದ್ದು. ಯುದ್ಧ ನಿಂತು ಚುನಾವಣೆ ಆದಾಗ, ಮೇಷ್ಟ್ರೇ ನಿಲ್ಲಿ ಅಂತ ಹಳೇ ವಿದ್ಯಾರ್ಥಿಗಳೇ ಹಿಡಿದು ನಿಲ್ಲಿಸಿದ್ದು. ಗೆದ್ದು ಸೆನೆಟ್ಟಿಗೆ ಹೋದರೆ ಅಲ್ಲಿ ಜಿಲ್ಲೆಯ ಕ್ರಮದಲ್ಲಿ ಕುರ್ಚಿ. ಅವರ ಪಕ್ಕದ ಜಿಲ್ಲೆಯಿಂದ ಗೆದ್ದು ಬಂದವನು ಯುದ್ಧದಲ್ಲಿ ಹುಡುಗರ ಪಡೆ ಕಟ್ಟಿದ್ದ ಕಮಾಂಡರ್. ಆ ಪಡೆಯವರೇ ಸೆನೆಟರ್ ಅವರ ಅಳಿಯನನ್ನು, ರೇಡಿಯೋದಲ್ಲಿ ಸುದ್ದಿ ಓದುತ್ತಿದ್ದವನನ್ನು, ಮನೆಯಿಂದ ಎಳೆದೊಯ್ದು ಕೊಂದಿದ್ದರು.

"ದಿನಾ ಅವನ ಪಕ್ಕ ಕೂತಿದ್ರಾ ಅಂಕಲ್?"

"ದಿನಾ. ಅವನು ಪೆಪ್ಪರ್‌ಮಿಂಟ್ ತಿನ್ನುತ್ತಿದ್ದ. ನನಗೂ ಒಂದು ಕೊಡುತ್ತಿದ್ದ."

"ತಗೋತಿದ್ರಾ?"

"ಮೊದಲು ಇಲ್ಲ," ಎಂದರು.

ಆಮೇಲೆ ಕ್ಷಮಾದಾನದ ಮಸೂದೆ ಬಂತು. ಯುದ್ಧದಲ್ಲಿ ಏನೇ ಮಾಡಿದ್ದರೂ ಯಾರ ಮೇಲೂ ಕೇಸು ಹಾಕುವ ಹಾಗಿಲ್ಲ ಅನ್ನುವ ಕಾನೂನು. ಸೆನೆಟರ್ ಅದರ ವಿರುದ್ಧ ಮೂರು ದಿನ ಮಾತಾಡಿದರು. ಮತ ಹಾಕುವ ಹೊತ್ತಿಗೆ ಪರವಾಗಿ ಹಾಕಿದರು. ವಿಧವೆಯಾದ ಮಗಳು ಆ ದಿನದಿಂದ ಅವರ ಜೊತೆ ಊಟಕ್ಕೆ ಕೂರಲಿಲ್ಲ. ಮುಂದೆ ನರ್ಸಾಗಿ ಅಮೆರಿಕಾಕ್ಕೆ ಬಂದು ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡಿನಲ್ಲಿ ನೆಲೆಯಾದಳು. ತಂದೆ ಡೆಸ್ ಪ್ಲೇನ್ಸಿನಲ್ಲಿ ಮಗನ ಅಪಾರ್ಟ್‌ಮೆಂಟಿಗೆ ಬಂದು ವರ್ಷಗಳಾದರೂ ಒಮ್ಮೆಯೂ ನೋಡಲು ಬಂದಿರಲಿಲ್ಲ. ಕ್ರಿಸ್‌ಮಸ್ಸಿಗೆ ಒಂದು ಫೋನು. ಅದರಲ್ಲಿ ಇವರು ಪ್ರತಿ ಸಲ ಆ ಮತ ಏಕೆ ಹಾಕಿದೆ ಅಂತ ವಿವರಿಸುತ್ತಿದ್ದರು, ಆಕೆ ಕೇಳಿ ಇಟ್ಟುಬಿಡುತ್ತಿದ್ದಳು.

ನನಗೆ ಈ ಮತದ ಬಗ್ಗೆ ಒಂದು ವಿಷಯ ಹೊಳೆದಿತ್ತು. ಆ ಸದನದಲ್ಲಿ ಒಂದು ವಿಚಿತ್ರ ನಿಯಮವಿದೆ. ಒಂದು ಮಸೂದೆ ಗೆದ್ದ ಮೇಲೆ, ಅದನ್ನು ಮತ್ತೆ ಮತಕ್ಕೆ ಹಾಕಿ ಎಂದು ಕೇಳುವ ಹಕ್ಕು ಸೋತವರಿಗಿಲ್ಲ. ಗೆದ್ದ ಕಡೆ ಮತ ಹಾಕಿದ ಸದಸ್ಯನೊಬ್ಬ ಅದೇ ದಿನ, ಸಭೆ ಮುಗಿಯುವ ಮುಂಚೆ, ಎದ್ದು ನಿಂತು ಕೇಳಬೇಕು. ಅದಕ್ಕೆ ಮರುಪರಿಶೀಲನೆಯ ಗೊತ್ತುವಳಿ ಅನ್ನುತ್ತಾರೆ. ಸೋಲು ಖಂಡಿತ ಎಂದು ಗೊತ್ತಿದ್ದವರು ಬೇಕೆಂದೇ ಶತ್ರುವಿನ ಕಡೆ ಮತ ಹಾಕಿ, ಆಮೇಲೆ ಎದ್ದು ಇಡೀ ಮಸೂದೆಯನ್ನು ತಿಂಗಳುಗಟ್ಟಲೆ ತಡೆದದ್ದಿದೆ. ಇವರು ಹಾಕಿದ್ದೂ ಅಂಥ ಮತವೇ! ಮೂರು ದಿನ ವಿರುದ್ಧ ಮಾತಾಡಿದವರು ಇನ್ಯಾಕೆ ಪರವಾಗಿ ಹಾಕುತ್ತಾರೆ? ಟೇಪಿನಲ್ಲಿ ಮತದ ಎಣಿಕೆ ಆದಮೇಲೆ ಕ್ಯಾಮೆರಾ ಸಭಾಧ್ಯಕ್ಷರ ಮುಖದ ಮೇಲೇ ನಿಂತು, ಸ್ವಲ್ಪ ಹೊತ್ತಿಗೆ ಕತ್ತರಿಸಿಹೋಗುತ್ತದೆ. ಇವರು ಏಳುವ ಮೊದಲೇ ಸಭೆ ಮುಗಿಸಿಬಿಟ್ಟಿರಬೇಕು ಅಂತ ನಾನು ಲೆಕ್ಕ ಹಾಕಿದ್ದೆ.

ಒಮ್ಮೆ ಅದನ್ನು ಅವರಿಗೇ ಹೇಳಿದೆ. ಅವರು ಮೆಷಿನ್ನಿನ ಕೊಳವೆಯಲ್ಲಿ ಹರಿಯುತ್ತಿದ್ದ ತಮ್ಮ ರಕ್ತವನ್ನೇ ನೋಡುತ್ತ, "ನೀನು ನಿಯಮ ಬಹಳ ಓದಿದ್ದೀಯ," ಎಂದರು. ವಿನಯ ಅಂದುಕೊಂಡೆ.

ಮಾರ್ಚಿ ತಿಂಗಳು, ಹೊರಗೆ ಕೊಳಕು ಹಿಮ ಇನ್ನೂ ಕರಗುತ್ತಿತ್ತು. ಒಂದು ಮಂಗಳವಾರ ಅವರ ಚೇರು ಖಾಲಿ. ಗುರುವಾರವೂ ಖಾಲಿ. ಅವರ ಮಗನಿಗೆ ಫೋನ್ ಮಾಡಿದೆ. ಅವನು ಏರ್‌ಪೋರ್ಟಿನ ಸರಕು ವಿಭಾಗದವನು, ಹಿಂದೆ ಟ್ರಕ್ಕುಗಳ ಸದ್ದು.

"ಸಾಕು ಅಂತಾರೆ," ಎಂದ. "ಇನ್ನು ಮೆಷಿನ್ನಿಗೆ ಬರಲ್ಲ ಅಂತ ಡಾಕ್ಟರಿಗೂ ಹೇಳಿದಾರೆ. ಅವರ ಹಕ್ಕು, ಬಲವಂತ ಮಾಡೋ ಹಾಗಿಲ್ಲ ಅಂದರು. ನಾನು ಕಾಲು ಹಿಡಿದೆ. ಕೇಳಲ್ಲ."

"ಎಷ್ಟು ದಿನ?"

"ಒಂದು ವಾರ, ಹತ್ತು ದಿನ. ಹಾರ್ಟ್ ಮೊದಲೇ ವೀಕು."

"ಅಕ್ಕಂಗೆ ಹೇಳಿದ್ರಾ?"

"ಹೇಳಿದೆ. ಓಕೆ ಅಂದಳು. ಅಷ್ಟೇ, ಓಕೆ."

ಆ ಸಂಜೆ ಅವರನ್ನು ನೋಡಲು ಹೋದೆ. ಮೂರನೇ ಮಹಡಿಯ ಸಣ್ಣ ರೂಮು. ಮಂಚದ ಮೇಲೂ ಇಸ್ತ್ರಿಯ ಅಂಗಿ. ಪಾದ ಊದಿ ದಿಂಬಿನ ಹಾಗಾಗಿತ್ತು. ಯಾಕೆ ಅಂಕಲ್ ಎಂದು ಕೇಳಿದ್ದಕ್ಕೆ, "ಒಬ್ಬ ಮಗ ನನ್ನ ಸಲುವಾಗಿ ನಿದ್ದೆ ಬಿಟ್ಟಿದ್ದಾನೆ. ಒಬ್ಬ ಮಗಳು ನನ್ನ ಸಲುವಾಗಿ ತಂದೆಯನ್ನು ಬಿಟ್ಟಿದ್ದಾಳೆ. ರಕ್ತ ತೊಳೆದು ತೊಳೆದು ಯಾರಿಗೋಸ್ಕರ ಉಳಿಯಲಿ?" ಎಂದರು. ಸ್ವಲ್ಪ ಬಿಟ್ಟು, "ಅವಳು ಬಾ ಅಂದಿದ್ದರೆ ತೆವಳಿಕೊಂಡಾದರೂ ಮೆಷಿನ್ನಿಗೆ ಹೋಗುತ್ತಿದ್ದೆ," ಎಂದರು.

ನನಗೆ ಬೇಕಾದದ್ದು ಸಿಕ್ಕಿತು. ಆಕೆ ಒಂದು ಮಾತು ಹೇಳಬೇಕು, ಇವರು ಉಳಿಯುತ್ತಾರೆ. ಆಕೆಗೆ ನಿಯಮ ಗೊತ್ತಿಲ್ಲ, ಅದಕ್ಕೇ ಸಿಟ್ಟು. ನಿಯಮ ನನಗೆ ಗೊತ್ತು.

ಸೆಂಟರಿನಿಂದ ಅಪ್ಪನನ್ನು ಕರೆದುಕೊಂಡು ಮನೆಗೆ ಹೋಗುವಾಗ ಕಾರಿನಲ್ಲಿ ಎಲ್ಲ ವಿವರಿಸಿದೆ. ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಅವರ ಮನೆ ಜಗಳ ಕಣೇ. ನಿನಗ್ಯಾಕೆ ಊರ ಉಸಾಬರಿ?"

"ಸಾಯ್ತಾರೆ ಅಪ್ಪ."

"ಗೊತ್ತು," ಎಂದರು. ಆಮೇಲೆ, "ಹೋಗೋದಾದ್ರೆ ಬೆಳಗ್ಗೆ ಬೇಗ ಹೊರಡು. ಗ್ಯಾರಿ ಊರಿನ ಹತ್ರ ಟ್ರಾಫಿಕ್ ಇರುತ್ತೆ. ಅಮ್ಮ ಚಪಾತಿ ಸುತ್ತಿ ಕೊಡ್ತಾಳೆ," ಎಂದರು.

ಶನಿವಾರ ಅಪ್ಪನನ್ನು ಸೆಂಟರಿಗೆ ಬಿಡಲು ಪಕ್ಕದ ಮನೆಯವರಿಗೆ ಹೇಳಿ, ಐ-94 ಹೈವೇ ಹಿಡಿದು ಸೌತ್‌ಫೀಲ್ಡಿಗೆ ಹೋದೆ. ಸರೋವರದ ಗಾಳಿಗೆ ಕಾರು ಪಕ್ಕಕ್ಕೆ ಜಾರುತ್ತಿತ್ತು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಗಟ್ಟಿಯಾಗಿ ಹೇಳಿಕೊಂಡೆ, ಬೆಂಟನ್ ಹಾರ್ಬರ್ ದಾಟುವ ಹೊತ್ತಿಗೆ ಅದು ಭಾಷಣವೇ ಆಗಿತ್ತು.

ಬಾಗಿಲು ತೆಗೆದ ಹೆಂಗಸು ತಂದೆಯಷ್ಟೇ ಎತ್ತರ. ಕೆಲಸದಿಂದ ಆಗ ತಾನೇ ಬಂದು ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ ಇದ್ದರು. ತಮ್ಮ ಮೊದಲೇ ಫೋನ್ ಮಾಡಿ ಹೇಳಿದ್ದನಂತೆ.

"ಸೆನೆಟ್ ಹುಚ್ಚಿನ ಇಂಡಿಯನ್ ಹುಡುಗಿ ನೀನೇನಾ? ಬಾ, ಶೂ ಬಿಚ್ಚು," ಎಂದರು.

ಅಡುಗೆಮನೆಯ ಟೇಬಲ್ಲಿನಲ್ಲಿ ಚಹಾ ಕೊಟ್ಟರು. ನಾನು ಲೋಟ ಮುಟ್ಟದೆ ನಿಯಮ, ಮತ, ಗೊತ್ತುವಳಿ, ಕತ್ತರಿಸಿದ ಟೇಪು, ಎಲ್ಲ ಹೇಳಿ ಮುಗಿಸಿದೆ. "ನಿಮ್ಮ ತಂದೆ ಕ್ಷಮಾದಾನಕ್ಕೆ ಮತ ಹಾಕಲಿಲ್ಲ ಆಂಟಿ, ಅದನ್ನ ತಡೆಯೋಕೆ ಹಾಕಿದ್ದು. ಅವರು ಏಳೋ ಮೊದಲೇ ಸಭೆ ಮುಗಿಸಿಬಿಟ್ಟರು."

ಅವರು ಚಹಾಕ್ಕೆ ಸಕ್ಕರೆ ಹಾಕಿ ಕಲಕುತ್ತಲೇ ಇದ್ದರು.

"ಅರ್ಧ ಸರಿ," ಎಂದರು. "ತಡೆಯೋಕೇ ಹಾಕಿದ್ದು. ಹಿಂದಿನ ರಾತ್ರಿ ಅಮ್ಮನ ಹತ್ತಿರ ಪಿಸುಗುಟ್ಟಿದ್ದು ನನಗೆ ಕೇಳಿಸಿತ್ತು. ಅದಕ್ಕೇ ಮರುದಿನ ನಾನು ಹೋದೆ. ಮೇಲೆ ಸಾರ್ವಜನಿಕರ ಗ್ಯಾಲರಿ ಇದೆ, ಅಲ್ಲಿ ಕಂಬದ ಹಿಂದೆ ಕೂತೆ. ಇವತ್ತಿಗೂ ಅವರಿಗೆ ಗೊತ್ತಿಲ್ಲ."

ನಾನು ಲೋಟವನ್ನು ಪಕ್ಕಕ್ಕೆ ಸರಿಸಿದೆ.

"ಎಣಿಕೆ ಆಯಿತು. ಸಭಾಧ್ಯಕ್ಷರು ಇನ್ನೇನಾದರೂ ಇದೆಯಾ ಅಂತ ಕೇಳಿದರು. ಕೇಳಿ ಕಾದರು ಕೂಡ. ಅಪ್ಪ ಮೇಜಿನ ಮೇಲೆ ಕೈಯೂರಿ ಅರ್ಧ ಎದ್ದರು. ಪಕ್ಕದಲ್ಲಿದ್ದವನು, ನನ್ನ ಗಂಡನ್ನ ಕೊಲ್ಲಿಸಿದವನು, ಅವರ ತೋಳಿನ ಮೇಲೆ ಕೈ ಇಟ್ಟ. ಎಳೀಲಿಲ್ಲ, ಏನೂ ಹೇಳಲಿಲ್ಲ. ಸುಮ್ಮನೆ ಇಟ್ಟ. ಅಪ್ಪ ಕೂತರು."

ಹೊರಗೆ ಯಾರದೋ ನಾಯಿ ಬೊಗಳುತ್ತಿತ್ತು.

"ನನಗೆ ಸಿಟ್ಟು ಮತದ ಮೇಲಲ್ಲ. ಹೆದರಿದ್ದರ ಮೇಲೂ ಅಲ್ಲ, ಎಲ್ಲರೂ ಹೆದರಿದ್ದೆವು. ಅಂದಿನಿಂದ ಅವರು ನನಗೆ ಆ ಮತವನ್ನ ವಿವರಿಸ್ತಾನೇ ಇದ್ದಾರೆ. ದೇಶಕ್ಕೆ ಶಾಂತಿ ಬೇಕಿತ್ತು, ಬಂದೂಕು ಇನ್ನೂ ಹೊರಗಿತ್ತು, ಎಲ್ಲ. ಕೂತದ್ದನ್ನ ಮಾತ್ರ ಹೇಳಲಿಲ್ಲ. ಅದೊಂದನ್ನ ಹೇಳಲಿ. ಅವತ್ತೇ ಹೊರಟು ಬರ್ತೀನಿ, ನಾನೇ ಎತ್ತಿಕೊಂಡು ಹೋಗಿ ಮೆಷಿನ್ನಿನ ಮುಂದೆ ಕೂರಿಸ್ತೀನಿ."

"ನಾನು ಹೇಳ್ತೀನಿ ಆಂಟಿ! ಈಗಲೇ ಫೋನ್—"

ಅವರು ನನ್ನ ಕೈಯಲ್ಲಿದ್ದ ಫೋನನ್ನು ತೆಗೆದು ಟೇಬಲ್ಲಿನ ಮೇಲೆ ಬೋರಲು ಹಾಕಿದರು.

"ಬೇಡ. ನಾನು ನೋಡಿದ್ದೀನಿ ಅಂತ ಗೊತ್ತಾದ ಮೇಲೆ ಅವರು ಹೇಳಿದರೆ ಅದಕ್ಕೇನು ಬೆಲೆ? ಸಿಕ್ಕಿಬಿದ್ದವನು ಒಪ್ಪಿಕೊಂಡ ಹಾಗೆ. ಅವರಾಗೇ ಹೇಳಬೇಕು. ನೀನು ಹೇಳಲ್ಲ ಅಂತ ಮಾತು ಕೊಡು."

ನಾನು ಮಾತು ಕೊಟ್ಟೆ. ಬದಲಿಗೆ ಒಂದು ಬೇಡಿಕೊಂಡೆ: ನಾಳೆ, ಭಾನುವಾರ, ತಂದೆ ಫೋನ್ ಮಾಡಿದರೆ ಎತ್ತಬೇಕು. ಆಗಲಿ ಎಂದರು. ಹೊರಡುವಾಗ ಫಾಯಿಲ್ ಕಾಗದದಲ್ಲಿ ಕರಿದ ಬಾಳೆಕಾಯಿ ಸುತ್ತಿ ಕೊಟ್ಟರು. "ಅವರಿಗಲ್ಲ, ನಿನಗೆ. ಅವರಿಗೆ ಪೊಟ್ಯಾಸಿಯಮ್ ವಿಷ. ತಿನ್ನೋಕೆ ಬಿಡಬೇಡ," ಎಂದು ಎರಡು ಸಲ ಹೇಳಿದರು.

ಭಾನುವಾರ ಫೋನನ್ನು ನಾನೇ ಅವರ ಕಿವಿಯ ಹತ್ತಿರ ಹಿಡಿದೆ. ಸ್ಪೀಕರ್ ಹಾಕಿದ್ದೆ. ನಾಲಿಗೆ ದಪ್ಪವಾಗಿ ಮಾತು ನಿಧಾನವಾಗಿದ್ದರೂ ಅವರು ಎದ್ದು ಕೂತು, ಅಂಗಿಯ ಕಾಲರ್ ಸರಿಮಾಡಿಕೊಂಡು ಶುರುಮಾಡಿದರು. ಅಂದಿನ ದೇಶದ ಸ್ಥಿತಿ. ಕಾಡಿನಲ್ಲಿ ಇನ್ನೂ ಶಸ್ತ್ರ ಕೆಳಗಿಡದ ಹುಡುಗರು. ಕ್ಷಮೆ ಇಲ್ಲದಿದ್ದರೆ ಮತ್ತೆ ಹೊತ್ತಿಕೊಳ್ಳುತ್ತಿದ್ದ ಊರುಗಳು. ಒಂದು ವಾಕ್ಯ ಹೇಳಿ ನಿಲ್ಲಿಸುವರು, ಕಾಯುವರು, ಇನ್ನೊಂದು ಹೇಳುವರು. ಬೇಸ್‌ಮೆಂಟಿನಲ್ಲಿ ಕೂತು ನಾನು ಮೆಚ್ಚಿದ್ದ ಅದೇ ನಿಲುಗಡೆಗಳು. ಈಗ ಪ್ರತಿ ನಿಲುಗಡೆಯಲ್ಲೂ ನಾನು ಫೋನನ್ನು ಇನ್ನಷ್ಟು ಹತ್ತಿರ ಹಿಡಿದೆ. ಈಗ ಹೇಳುತ್ತಾರೆ, ಈಗ. ಹೇಳಲಿಲ್ಲ.

"ಅರ್ಥ ಆಯಿತು ಪಪ್ಪಾ," ಎಂದಿತು ಆ ಕಡೆಯ ದನಿ. "ಇನ್ನೇನಾದರೂ ಇದೆಯಾ?"

ಅವರು ಕಿಟಕಿಯ ಕಡೆ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಬಾಯಿ ಸ್ವಲ್ಪ ತೆರೆಯಿತು.

"ಇಲ್ಲ. ಇಷ್ಟೇ," ಎಂದರು.

ಲೈನ್ ಕಟ್ಟಾಯಿತು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಟವೆಲಿನಲ್ಲಿ ಮುಖ ಒತ್ತಿಕೊಂಡೆ. ಹೊರಗೆ ಬಂದಾಗ ಅವರು ನನ್ನನ್ನೇ ಸಮಾಧಾನ ಮಾಡಿದರು. "ನೋಡಿದೆಯಲ್ಲ, ಅವಳು ಕ್ಷಮಿಸುವವಳಲ್ಲ."

ಮುಂದಿನ ಎರಡು ದಿನ ನಾನು ಯಾವ ಯಾವ ದಾರಿಯಿಂದಲೋ ಬಂದು ಅದೇ ಬಾಗಿಲು ತಟ್ಟಿದೆ. ಆ ದಿನ ಏನಾಯಿತು ಅಂಕಲ್, ಎಣಿಕೆ ಆದಮೇಲೆ ಏನು ಮಾಡಿದಿರಿ, ಮನೆಗೆ ಹೇಗೆ ಹೋದಿರಿ. ಅವರು ಮಳೆ ಬರುತ್ತಿತ್ತು ಎಂದರು, ಡ್ರೈವರ್ ತಡವಾಗಿ ಬಂದ ಎಂದರು. ಬಿಕ್ಕಳಿಕೆ ಶುರುವಾಗಿತ್ತು. ಮೈಯೆಲ್ಲ ತುರಿಕೆ, ಮಗ ಎಣ್ಣೆ ತಿಕ್ಕುತ್ತಿದ್ದ. ಆಫೀಸಿನಲ್ಲಿ ನನ್ನ ಮುಂದೆ ಒದ್ದೆಯಾಗಿ ಹಾಳಾದ ಸರಕಿನ ಫೋಟೋಗಳಿದ್ದವು, ನಾನು ಅವುಗಳ ಮೇಲೆ ಅಳುತ್ತಿದ್ದೆ. ನನ್ನ ಮೇಲಧಿಕಾರಿ ಬಂದು, "ಯಾರಾದ್ರೂ ಹೋದರಾ?" ಎಂದು ಕೇಳಿದರು. ಇನ್ನೂ ಇಲ್ಲ ಎಂದೆ.

ಬುಧವಾರ ಮಧ್ಯಾಹ್ನ ಅಪ್ಪ ತಾವೂ ಬರುತ್ತೇನೆ ಎಂದರು. ಮೆಟ್ಟಿಲು ಹತ್ತುವಾಗ ಪ್ರತಿ ತಿರುವಿನಲ್ಲೂ ನಿಂತು ಏದುಸಿರು ಬಿಟ್ಟರು. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, "ಏನ್ ಸ್ವಾಮಿ, ನನ್ನ ಒಬ್ಬನ್ನೇ ಬಿಟ್ಟುಬಿಟ್ರಿ? ನಿಮ್ಮ ಚೇರಿಗೆ ಹೊಸಬ ಬಂದಿದಾನೆ. ಮೂರೂ ಹೊತ್ತು ಟೀವೀಲಿ ಗಾಲ್ಫ್ ಹಾಕ್ಕೊಂಡು ಕೂರ್ತಾನೆ," ಎಂದರು.

"ನನ್ನ ಹೆಸರು ಸ್ವಾಮಿ ಅಲ್ಲ, ನಿನ್ನ ಹೆಸರು," ಎಂದರು ಸೆನೆಟರ್.

"ಅದು ಹೆಸರಲ್ಲ ಮಾರಾಯ್ರೇ, ನಾವು ಎಲ್ಲರನ್ನೂ ಹಾಗೇ ಕರೆಯೋದು."

ಇಬ್ಬರೂ ನಕ್ಕರು, ಇಬ್ಬರಿಗೂ ಕೆಮ್ಮು ಬಂತು. ಆಮೇಲೆ ಅಪ್ಪ ಅಂಗಡಿಯಲ್ಲಿ ಬೆಲೆ ಕೇಳುವಷ್ಟು ಸಲೀಸಾಗಿ ಕೇಳಿದರು. "ನನ್ನ ಮಗಳು ಏನೋ ನಿಯಮ ಹೇಳ್ತಾ ಇದ್ದಳು. ಗೆದ್ದ ಕಡೆ ಓಟು ಹಾಕಿದೋನು ಎದ್ದು ನಿಂತು ನಿಲ್ಲಿಸಬಹುದಂತೆ. ನೀವು ಓಟು ಹಾಕಿದ್ರಿ. ಮತ್ತೆ ಯಾಕೆ ಏಳಲಿಲ್ಲ?"

ಗ್ಯಾಲರಿಯ ವಿಷಯ ನಾನು ಅಪ್ಪನಿಗೂ ಹೇಳಿರಲಿಲ್ಲ. ನಾವೆಲ್ಲ ಆ ದೊಡ್ಡ ಮನುಷ್ಯನ ಮುಂದೆ ಬಾಗಿಕೊಂಡೇ ಮಾತಾಡುತ್ತಿದ್ದೆವು. ನೇರವಾಗಿ ಕೇಳುವುದು ಯಾರಿಗೂ ಹೊಳೆದಿರಲಿಲ್ಲ.

ಸೆನೆಟರ್ ಬಹಳ ಹೊತ್ತು ಸುಮ್ಮನಿದ್ದರು. ಭಾಷಣದ ನಿಲುಗಡೆ ಅಲ್ಲ ಅದು.

"ಎದ್ದೆ," ಎಂದರು. "ಅರ್ಧ ಎದ್ದೆ. ಅವನು ತೋಳಿನ ಮೇಲೆ ಕೈ ಇಟ್ಟ. ಕೂತೆ."

"ಹೊಡೀತಿದ್ನಾ?"

"ಇಲ್ಲ. ಅವನ ಕೈ ಬೆಚ್ಚಗಿತ್ತು. ಅಷ್ಟೇ."

ಅಪ್ಪ ತಲೆಯಾಡಿಸಿದರು. "ಮಗಳಿಗೆ ಹೇಳಿದೀರಾ?"

"ಅವಳು ಗಂಡನನ್ನು ಕಳೆದುಕೊಂಡವಳು. ಇದನ್ನೂ ಹೇಳಿ ಇನ್ನೊಮ್ಮೆ ಕೊಲ್ಲಲೇ? ಹೇಡಿಯ ಮಗಳು ಅನ್ನುವುದಕ್ಕಿಂತ, ತಪ್ಪು ಮತ ಹಾಕಿದವನ ಮಗಳು ಅನ್ನುವುದು ಮೇಲು. ಇದು ನನ್ನ ಜೊತೆ ಹೋಗಲಿ."

ನಾನು ಗೋಡೆಗೆ ಒರಗಿ ನಿಂತಿದ್ದೆ. ಆಕೆಗೆ ಗೊತ್ತು, ಆಕೆ ಅದನ್ನೇ ಕಾಯುತ್ತಿದ್ದಾಳೆ ಎಂಬ ಮಾತು ಬಾಯಿವರೆಗೆ ಬಂದಿತ್ತು. ಕೊಟ್ಟ ಮಾತು ಅದನ್ನು ಒಳಗೇ ಒತ್ತಿ ಹಿಡಿದಿತ್ತು. "ಹೇಳಿ ಅಂಕಲ್, ದಯವಿಟ್ಟು ಹೇಳಿಬಿಡಿ," ಎಂದಷ್ಟೇ ಹೊರಬಂತು.

ಅಪ್ಪ ಮೆಷಿನ್ನಿಗಾಗಿ ಕೊಯ್ದ ತಮ್ಮ ಹೊಲಿಗೆ ಗುರುತಿನ ಕೈಯನ್ನು ಅವರ ಹೊಲಿಗೆ ಗುರುತಿನ ಕೈಯ ಪಕ್ಕ ಇಟ್ಟರು.

"ನಿಮ್ಮ ಜೊತೆ ತಗೊಂಡು ಹೋಗಿ ಅಲ್ಲೇನು ಮಾಡ್ತೀರಾ ಸ್ವಾಮಿ? ಇವಳು ನನಗೆ ಬೇಕಾದಷ್ಟು ಸುಳ್ಳು ಹೇಳ್ತಾಳೆ, ನಾನು ಇವಳಿಗೆ ಹೇಳ್ತೀನಿ. ಆದರೆ ಸಾಯೋ ಮುಂಚೆ ಒಂದು ನಿಜ ಹೇಳಿದ್ರೆ ಇವಳು ಬೇಡ ಅನ್ನಲ್ಲ."

ಸೆನೆಟರ್ ಕೈ ಚಾಚಿದರು. ನಾನು ನಂಬರ್ ಒತ್ತಿ ಫೋನ್ ಕೊಟ್ಟೆ. ಆಕೆ ಡ್ಯೂಟಿಯಲ್ಲಿದ್ದರೂ ಎತ್ತಿದರು. ಈ ಸಲ ಅವರು ಕಾಲರ್ ಸರಿಮಾಡಿಕೊಳ್ಳಲಿಲ್ಲ.

"ನಾನು ಏಳಬೇಕಿತ್ತು. ಎದ್ದು, ಕೂತೆ," ಎಂದರು.

ನಾಲಿಗೆ ತೊದಲಿತ್ತು. ಆಕೆಗೆ ಕೇಳಿಸಲಿಲ್ಲ. "ಏನಂದ್ರಿ ಪಪ್ಪಾ?"

ಮತ್ತೆ ಹೇಳಿದರು. ಮತ್ತೆ ಕೇಳಿಸಲಿಲ್ಲ. ಮೂರನೇ ಸಲ ಮಂಚದ ಅಂಚು ಹಿಡಿದು, ಒಂದೊಂದೇ ಪದ ಬಿಡಿಸಿ, ಜೋರಾಗಿ ಹೇಳಿದರು. ಕೆಳಗಿನ ಮನೆಗೂ ಕೇಳಿಸಿರಬೇಕು.

ಆ ಕಡೆ ಆಸ್ಪತ್ರೆಯ ಮೈಕಿನಲ್ಲಿ ಯಾರನ್ನೋ ಕರೆಯುತ್ತಿದ್ದರು. ಆಮೇಲೆ ಆಕೆ ಹೇಳಿದರು, "ಗೊತ್ತು. ನಾನು ಮೇಲೆ ಕೂತಿದ್ದೆ ಪಪ್ಪಾ. ಕಂಬದ ಹಿಂದೆ." ಉಸಿರೆಳೆದುಕೊಂಡು, "ಹೊರಟೆ. ನಾಳೆ ಮೆಷಿನ್ನಿಗೆ ಹೋಗ್ತೀರಿ. ಕೇಳಿಸ್ತಾ?" ಎಂದರು.

ಅವರು ಫೋನ್ ಎದೆಯ ಮೇಲಿಟ್ಟುಕೊಂಡು ಮಗನನ್ನು ಕೂಗಿದರು. "ಸೆಂಟರಿಗೆ ಫೋನ್ ಮಾಡು. ಬೆಳಗ್ಗೆ ಚೇರು ಸಿಗುತ್ತಾ ಕೇಳು. ಸ್ವಾಮಿಯ ಪಕ್ಕದ್ದೇ ಆಗಬೇಕು ಅಂತಿಲ್ಲ. ಯಾವುದಾದರೂ ಆದೀತು."

ಮಗ ಸೆಂಟರಿಗೆ ಮಾಡಲಿಲ್ಲ, ಆಂಬುಲೆನ್ಸಿಗೆ ಮಾಡಿದ. ಆಸ್ಪತ್ರೆಗೆ ಹೋದರೆ ಅಲ್ಲೇ ತಕ್ಷಣ ಶುರುಮಾಡುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಸ್ಟ್ರೆಚರಿನಲ್ಲಿ ಇಳಿಸುವಾಗ ಕೋಟು ಕೇಳಿದರು. ಅಪ್ಪ ಅದನ್ನು ಅವರ ಮೇಲೆ ಹೊದಿಸಿದರು. ಆಸ್ಪತ್ರೆಯವರು ಮೆಷಿನ್ ತಂದರು, ಕೊಳವೆ ಜೋಡಿಸಿದರು. ಕೆಲವು ನಿಮಿಷ ರಕ್ತ ಹೊರಗೆ ಬಂದು ಒಳಗೆ ಹೋಯಿತು. ಆಮೇಲೆ ಎದೆಬಡಿತ ನಿಂತಿತು. ಡಾಕ್ಟರುಗಳು ಬಹಳ ಪ್ರಯತ್ನಪಟ್ಟರು. ಕಾರಿಡಾರಿನಲ್ಲಿ ಕೂತಿದ್ದ ನಮಗೆ ಡಾಕ್ಟರು ಬಂದು ಹೇಳಿದಾಗ ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ಮಗಳು ಆಗ ಅರ್ಧ ದಾರಿಯಲ್ಲಿ, ಕಲಮಜೂ ಹತ್ತಿರ ಎಲ್ಲೋ ಇದ್ದರು. ಮಗ ಅಕ್ಕನಿಗೆ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳಲಿಲ್ಲ. ನಿಧಾನವಾಗಿ ಡ್ರೈವ್ ಮಾಡು ಎಂದಷ್ಟೇ ಹೇಳಿದ. ಅಷ್ಟರಿಂದಲೇ ಅವರಿಗೆ ತಿಳಿಯಿತಂತೆ.

ಬಂದವರು ನೇರ ಒಳಗೆ ಹೋದರು. ತಂದೆಯ ಜೊತೆ ಎಷ್ಟು ಹೊತ್ತಿದ್ದರೋ. ನಾನು ಅಪ್ಪನನ್ನು ಕಾರಿನಲ್ಲಿ ಕೂರಿಸಿ ಹೀಟರ್ ಹಾಕಿ ಹೊರಗೆ ನಿಂತಿದ್ದೆ. ಆಕೆ ಪಾರ್ಕಿಂಗಿಗೆ ಬಂದರು. ಕೈಯಲ್ಲಿ ಆ ಕೋಟು. ನನ್ನ ಎದುರು ನಿಂತು ಕೇಳಿದರು.

"ಭಾನುವಾರ ನೀನು ಅಲ್ಲೇ ಇದ್ದೆಯಲ್ಲ. ಯಾಕೆ ಹೇಳಲಿಲ್ಲ ಅವರಿಗೆ?"

"ನೀವೇ ಬೇಡ ಅಂದಿರಿ ಆಂಟಿ. ಮಾತು ತಗೊಂಡ್ರಿ."

"ನಾನು ಏನಂದೆ ಅಂತ ನನಗೆ ಗೊತ್ತು!" ಎಂದು ಕಿರುಚಿದರು. "ಭಾನುವಾರ ಹೇಳಿದ್ದರೆ ಸೋಮವಾರ ಮೆಷಿನ್ನಿಗೆ ಹೋಗಿರೋರು. ಇಷ್ಟೆಲ್ಲಾ ನಿಯಮ ಓದಿದ್ದೀಯ. ಒಂದು ಮುರಿಯೋಕೆ ಬರಲಿಲ್ವಾ ನಿನಗೆ?"

ಕಾರಿನ ಬಾಗಿಲು ತೆರೆಯಿತು. ಅಪ್ಪ ಒಂದು ಕಾಲು ಹೊರಗಿಟ್ಟು, ಬಾಗಿಲು ಹಿಡಿದು ಇಳಿದು, ನಮ್ಮ ಹತ್ತಿರ ಬರುವುದಕ್ಕೇ ಸುಸ್ತಾದರು. ಆಕೆ ಕುಸಿಯುವ ಹಾಗೆ ಕಂಡದ್ದಕ್ಕೆ ಹೆಗಲು ಕೊಟ್ಟರು, ಆಕೆಯೋ ಅಪ್ಪನಿಗಿಂತ ಒಂದು ತಲೆ ಎತ್ತರ. ಇಬ್ಬರ ಭಾರವೂ ಸೇರಿ ವಾಲಿತು. ನಾನು ಓಡಿಹೋಗಿ ಹಿಂದಿನಿಂದ ಹಿಡಿದುಕೊಂಡೆ.